ಮೂರು ಕಾಮಾ ಐದು

ಆವತ್ತು ಆ ಹುಡುಗನ ನೋಟ್‌ಬುಕ್ಕಿನಲ್ಲಿ ನಾನು ಕೆಂಪು ಪೆನ್ನಿನಿಂದ ನಾಲ್ಕು ಇಂಟು ಮಾರ್ಕು ಹಾಕಿದೆ. ನಾಲ್ಕೂ ಸರಿಯಿದ್ದ ಲೆಕ್ಕಗಳು.

ಅಮೆರಿಕದ ಅಟ್ಲಾಂಟಾದಿಂದ ಪೂರ್ವಕ್ಕೆ ಕ್ಲಾರ್ಕ್‌ಸ್ಟನ್ ಅಂತ ಒಂದು ಪುಟ್ಟ ಊರಿದೆ. ಗೂಡ್ಸ್ ರೈಲು ಊರ ಮಧ್ಯದಲ್ಲೇ ಹಾದುಹೋಗುತ್ತದೆ. 1980ರ ದಶಕದಿಂದಲೂ ಬೇರೆ ಬೇರೆ ದೇಶದ ನಿರಾಶ್ರಿತರಿಗೆ ಇಲ್ಲಿ ಮನೆ ಮಾಡಿಕೊಡುತ್ತಾ ಬಂದಿದ್ದಾರೆ. ಸೊಮಾಲಿಯಾದವರು, ಭೂತಾನಿನಿಂದ ಹೊರಬಿದ್ದ ನೇಪಾಳಿ ಮಾತಿನವರು, ಬರ್ಮಾದವರು, ಕಾಂಗೋದವರು, ಅಫ್ಘಾನಿಸ್ತಾನದವರು. ನಮ್ಮ ಮನೆಯಿಂದ ಕಾರಲ್ಲಿ ಅರ್ಧ ಗಂಟೆ, ಆದರೂ ಆರು ವರ್ಷ ಆ ಕಡೆ ತಲೆ ಹಾಕಿರಲಿಲ್ಲ. ಮಂಗಳವಾರ ಸಂಜೆ ಮಕ್ಕಳಿಗೆ ಹೋಂವರ್ಕ್ ಮಾಡಿಸೋಕೆ ಜನ ಬೇಕು ಅಂತ ಆಫೀಸಿನ ಒಬ್ಬರು ಕರೆದರು. ಗಣಿತ ತಾನೇ, ಅದೇನು ಮಹಾ, ಅಂತ ಹೋದೆ. ಸ್ವಲ್ಪ ಕೊಬ್ಬೂ ಇತ್ತು ಅನ್ನಿ.

ನನ್ನ ಪಾಲಿಗೆ ಬಂದವನು ಕಾಂಗೋದ ಹುಡುಗ. ಹುಟ್ಟಿ ಬೆಳೆದಿದ್ದೆಲ್ಲ ತಾಂಜಾನಿಯಾದ ನ್ಯಾರುಗುಸು ಅನ್ನೋ ನಿರಾಶ್ರಿತರ ಕ್ಯಾಂಪಿನಲ್ಲಿ. ಅದು 1996ರಲ್ಲಿ ಶುರುವಾದ ಕ್ಯಾಂಪು, ಅಂದರೆ ಅವನಿಗಿಂತ ದೊಡ್ಡದು. ಇಲ್ಲಿ ಮಕ್ಕಳನ್ನು ವಯಸ್ಸು ನೋಡಿ ಕ್ಲಾಸಿಗೆ ಹಾಕುತ್ತಾರೆ, ಓದು ಎಲ್ಲಿಗೆ ನಿಂತಿತ್ತು ಅಂತ ನೋಡಿ ಅಲ್ಲ. ಹಾಗಾಗಿ ಬಂದ ವರ್ಷವೇ ಅವನು ಒಂಬತ್ತನೇ ಕ್ಲಾಸು. ನಾನು ಏನು ಹೇಳಿದರೂ "ಯೆಸ್ ಟೀಚರ್" ಅಂತ ತಲೆ ಆಡಿಸುತ್ತಿದ್ದ.

ಆ ತಲೆ ಆಡಿಸೋದು ನನಗೆ ಗೊತ್ತಿರಬೇಕಿತ್ತು. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂನಲ್ಲಿ ಓದಿ ಪಿಯುಸಿ ಸೈನ್ಸಿಗೆ ಸೇರಿದಾಗ, ಸಮಬಾಹು ತ್ರಿಭುಜಕ್ಕೆ ಇಂಗ್ಲಿಷಿನಲ್ಲಿ ಏನಂತಾರೆ ಅಂತ ಗೊತ್ತಿಲ್ಲದೆ ಮೂರು ತಿಂಗಳು ಕೊನೇ ಬೆಂಚಿನಲ್ಲಿ ಕೂತು ನಾನೂ ಹಾಗೇ ತಲೆ ಆಡಿಸಿದ್ದೆ. ಅರ್ಥ ಆಯ್ತಾ? ಆಯ್ತು ಸರ್. ಇಪ್ಪತ್ತು ವರ್ಷದಲ್ಲಿ ಅದೆಲ್ಲ ಮರೆತೇ ಹೋಗಿತ್ತು.

ಇಂಟು ಹಾಕಿದ ಮೇಲೆ ಒಂದು ಭಾಗಾಕಾರ ಕೊಟ್ಟು ನನ್ನೆದುರೇ ಮಾಡು ಅಂದೆ. ಅವನು ಭಾಜಕವನ್ನು ಬಲಗಡೆ ಬರೆದ. ಪಕ್ಕದಲ್ಲಿ ಒಂದು ಉದ್ದ ಗೆರೆ, ಭಾಜಕದ ಕೆಳಗೆ ಇನ್ನೊಂದು ಗೆರೆ, ಅದರ ಕೆಳಗೆ ಉತ್ತರ. ಎಲ್ಲಾ ತಿರುಗುಮುರುಗು. ತಡಿ ತಡಿ ಅನ್ನೋಷ್ಟರಲ್ಲಿ ಮುಗಿಸಿಬಿಟ್ಟಿದ್ದ. ಉತ್ತರ 3,5. ಪಾಯಿಂಟ್ ಎಲ್ಲಿ ಅಂತ ಕೇಳಿದೆ. ಅವನು ಕಾಮಾ ಮೇಲೆ ಬೆರಳಿಟ್ಟ. ಕ್ಯಾಂಪಿನ ಶಾಲೆಯಲ್ಲಿ ಕಾಂಗೋದ ಸಿಲಬಸ್, ಪಾಠವೆಲ್ಲ ಫ್ರೆಂಚಿನಲ್ಲಿ. ಅಲ್ಲಿ ದಶಮಾಂಶಕ್ಕೆ ಚುಕ್ಕಿ ಇಡಲ್ಲ, ಕಾಮಾ ಇಡುತ್ತಾರೆ. ಭಾಗಾಕಾರವೂ ಹಾಗೇ ಮಾಡುತ್ತಾರೆ.

ಹಿಂದಿನ ಪುಟಕ್ಕೆ ತಿರುಗಿ ನಾಲ್ಕೂ ಇಂಟುಗಳ ಮೇಲೆ ರೈಟ್ ಹಾಕಿದೆ. ಇಂಟುವಿನ ಮೇಲೆ ರೈಟ್ ಹಾಕಿದರೆ ಎಷ್ಟು ಗಲೀಜಾಗಿ ಕಾಣುತ್ತೆ ಗೊತ್ತಾ? ಸಾರಿ ಅಂದೆ. ಅದಕ್ಕೂ "ಯೆಸ್ ಟೀಚರ್" ಅಂದ.

ಆಮೇಲೆ ಮಾತಿನ ಲೆಕ್ಕ. ಜಿಮ್ಮಿಗೆ ಸೇರೋಕೆ ಇಷ್ಟು, ತಿಂಗಳಿಗೆ ಇಷ್ಟು, ಒಟ್ಟು ಎಷ್ಟು ತಿಂಗಳು ಹೋದ ಅಂತ. ದುಡ್ಡು ಕೊಟ್ಟು ಭಾರ ಎತ್ತೋದು ಯಾಕೆ ಅನ್ನೋದು ಅವನಿಗೆ ಅರ್ಥವಾಗಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಆಗಿಲ್ಲ. ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದು, ಬ್ಯಾಗಿನಿಂದ ಒಂದು ಕವರ್ ತೆಗೆದ. ಅಮ್ಮ ಕೊಟ್ಟು ಕಳಿಸಿದ್ದಂತೆ. ಅಮ್ಮನಿಗೆ ಇಂಗ್ಲಿಷ್ ಬರಲ್ಲ. ಬೆಳಗಿನ ಜಾವ ವ್ಯಾನ್ ಹತ್ತಿ ಕೋಳಿ ಮಾಂಸದ ಫ್ಯಾಕ್ಟರಿಗೆ ಹೋದರೆ ಬರೋದು ಸಂಜೆ.

ಕವರಿನಲ್ಲಿದ್ದದ್ದು ವಿಮಾನದ ಟಿಕೆಟ್ಟಿನ ಬಿಲ್ಲು. ನನಗೆ ಇದು ಹೊಸ ವಿಷಯ. ನಿರಾಶ್ರಿತರು ಅಮೆರಿಕಕ್ಕೆ ಬರೋ ವಿಮಾನದ ಖರ್ಚು ಪುಕ್ಕಟೆ ಅಲ್ಲ, ಸಾಲ. ಬಡ್ಡಿ ಇಲ್ಲ, ಆದರೆ ಬಂದು ಕೆಲವು ತಿಂಗಳಲ್ಲೇ ಕಂತು ಶುರುವಾಗುತ್ತದೆ. ನಾಲ್ಕು ಜನರ ಲೆಕ್ಕದಲ್ಲಿ ಬಾಕಿ 4,116 ಡಾಲರ್, ತಿಂಗಳಿಗೆ 98. ಈ ಸಲದ ಕಾಮಾ ದಶಮಾಂಶದ್ದಲ್ಲ ಅಂತ ನಾನು ಹೇಳೋ ಮೊದಲೇ, ತಾಂಜಾನಿಯಾದ ಶಿಲಿಂಗಿನಲ್ಲಿ ಎಷ್ಟಾಗುತ್ತೆ ಅಂತ ಲೆಕ್ಕ ಹಾಕುತ್ತಾ "ಲಾಕಿ, ಲಾಕಿ" ಅಂತ ಗೊಣಗಿದ. ಏನದು ಅಂದರೆ, ನೂರು ಸಾವಿರ. ನಮ್ಮ ಲಕ್ಷವೇ! ದುಡ್ಡಿಗೆ ಆ ಕಡೆಯ ಸ್ವಾಹಿಲಿ ಭಾಷೆಯಲ್ಲಿ ಪೇಸಾ ಅಂತಾರಂತೆ, ಗಾಡಿಗೆ ಗಾರಿ. ಹತ್ತು ನಿಮಿಷ ಇಬ್ಬರೂ ಇದನ್ನೇ ಮಾತಾಡಿದೆವು. ಅವನ ಬಾಯಲ್ಲಿ ಅಷ್ಟು ಮಾತು ನಾನು ಕೇಳಿದ್ದು ಅವತ್ತೇ ಮೊದಲು.

ಮತ್ತೆ ಭಾಜಕ ಬಲಗಡೆ, ಉದ್ದ ಗೆರೆ. 42 ತಿಂಗಳು.

"ಅಷ್ಟೊತ್ತಿಗೆ ನಿನಗೆ ಹದಿನೆಂಟು ದಾಟಿರುತ್ತೆ" ಅಂದೆ. "ಪೇಪರಿನಲ್ಲಿ" ಅಂದ. ಪೇಪರಿನ ಪ್ರಕಾರ ಅವನು ಹುಟ್ಟಿದ್ದು ಜನವರಿ 1. ಅವನಮ್ಮ, ತಂಗಿ ಕೂಡ ಜನವರಿ 1. ಸರಿಯಾದ ದಾಖಲೆ ಇಲ್ಲದವರಿಗೆಲ್ಲ ಸಾಮಾನ್ಯವಾಗಿ ಅದೇ ತಾರೀಕು ಬೀಳುತ್ತದೆ. ಅಮ್ಮ ಹೇಳೋದು, ಮಳೆ ಹಿಡಿದಾಗ ಹುಟ್ಟಿದ್ದು ಅಂತ.

ನನಗೆ ನಗು ಬಂತು. ನಮ್ಮಪ್ಪ ಹುಟ್ಟಿದ್ದು ಹಸ್ತ ಮಳೆಯಲ್ಲಿ. ಆದರೆ ಶಾಲೆಗೆ ಸೇರಿಸುವಾಗ ಮೇಷ್ಟ್ರು ಜೂನ್ 1 ಅಂತ ಬರೆದುಕೊಂಡರು. ನಮ್ಮೂರಲ್ಲಿ ಆ ಕಾಲದವರ ಹುಟ್ಟುಹಬ್ಬ ಮಾಡಬೇಕೆಂದರೆ ಜೂನ್ ಒಂದಕ್ಕೆ ಊರಿಗೇ ಕೇಕು ತರಬೇಕು. ಹುಡುಗನಿಗೆ ಇದನ್ನು ಹೇಳಿದೆ. ನಂಬಲಿಲ್ಲ. ಇಂಡಿಯಾದಲ್ಲೂ ಹೀಗೆ ಬರೀತಾರಾ ಅಂದ.

ರಾತ್ರಿ ಅಪ್ಪನಿಗೆ ಫೋನ್ ಮಾಡಿದಾಗ ಎಲ್ಲ ಹೇಳಿದೆ. ಸಾಲ, ಕ್ಯಾಂಪು, ಕೋಳಿ ಫ್ಯಾಕ್ಟರಿ, ಯಾವುದಕ್ಕೂ ಹೆಚ್ಚು ಮಾತಾಡಲಿಲ್ಲ. ಕೊನೆಗೆ, "ಅವರ ಕಡೆ ಮಳೆಗೆ ಹೆಸರಿದೆಯಾ? ಕೇಳು" ಅಂದರು.

ಮುಂದಿನ ಮಂಗಳವಾರ ಕೇಳಿದೆ. ಮಳೆಗಾಲಕ್ಕೆ ಮಾಸಿಕ ಅಂತಾರಂತೆ. ಅಪ್ಪನಿಗೆ ಹೇಳಿದರೆ, "ಮಾಸಿಕವಾ? ಅದು ಕಂತಿನ ಹೆಸರಲ್ವೇನೋ" ಅಂದರು.