ಗೇಟು ಮುಚ್ಚುವ ಹೊತ್ತು

ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟಿನಲ್ಲಿ ಮನೆ ಮನೆಗೆ ಹೋಗಿ ರೋಗಿಗಳನ್ನು ನೋಡಿಕೊಳ್ಳುವ ನರ್ಸ್ ಕೆಲಸಕ್ಕೆ ಸೇರಿದಾಗ, ದಾರಿಯ ಜೊತೆಗೆ ಹೊತ್ತನ್ನೂ ನೆನಪಿಟ್ಟುಕೊಳ್ಳಬೇಕೆಂಬುದು ನನಗೆ ತಿಳಿದಿರಲಿಲ್ಲ. ಕ್ಯಾಥೊಲಿಕರು ಹೆಚ್ಚಾಗಿರುವ ಸ್ಪ್ರಿಂಗ್‌ಫೀಲ್ಡ್ ರಸ್ತೆಯಲ್ಲಿ ಒಬ್ಬ ಅಜ್ಜನ ಕಾಲಿನ ಗಾಯಕ್ಕೆ ಪಟ್ಟಿ ಕಟ್ಟಿ, ಪ್ರಾಟೆಸ್ಟೆಂಟರ ಶಾಂಕಿಲ್ ರಸ್ತೆಯಲ್ಲಿರುವ ಅಜ್ಜಿಯ ಮನೆಗೆ ಹೊರಟರೆ ನಡುವೆ ಈ ಎರಡು ಕಡೆಗಳನ್ನು ಬೇರ್ಪಡಿಸುವ ಗೋಡೆಯ ಲ್ಯಾನಾರ್ಕ್ ವೇ ಗೇಟು ಸಿಗುತ್ತದೆ. ಹಗಲು ತೆರೆದಿದ್ದಾಗ ಅದು ಕೆಲವೇ ನಿಮಿಷಗಳ ದಾರಿ. ಗೇಟು ಹಾಕಿದ ಮೇಲೆ ಸುತ್ತು ಬಳಸಿ ಹೋಗಬೇಕು.

1969ರ ಆಗಸ್ಟಿನಲ್ಲಿ ಈ ಎರಡು ಪಂಗಡಗಳ ನಡುವೆ ನಡೆದ ಗಲಭೆಯಲ್ಲಿ ಇಲ್ಲಿಯ ಕ್ಯಾಥೊಲಿಕರ ಬಾಂಬೆ ಸ್ಟ್ರೀಟಿನ ಮನೆಗಳು ಸುಟ್ಟುಹೋದವು. ಅದರ ಬೆನ್ನಿಗೇ ತಾತ್ಕಾಲಿಕವೆಂದು ಸೈನ್ಯ ಹಾಕಿದ ತಂತಿಬೇಲಿಯೇ ಮುಂದೆ ಗೋಡೆಯಾಗಿ ನಿಂತಿತು: ಕೆಳಗೆ ಕಾಂಕ್ರೀಟು, ಅದರ ಮೇಲೆ ತಗಡು, ಅದಕ್ಕೂ ಮೇಲೆ ಜಾಲರಿ. ಆ ಬೀದಿಯ ಕೆಲವು ಮನೆಗಳ ಹಿತ್ತಿಲಿಗೆ, ಆಚೆಯಿಂದ ತೂರಿದ ಕಲ್ಲು ಬೀಳದಂತೆ, ಪಂಜರದ ಹಾಗೆ ಕಬ್ಬಿಣದ ಜಾಲರಿ ಹೊದಿಸಿದ್ದಾರೆ. ಅದರ ಕೆಳಗೆ ಮಕ್ಕಳ ಅಂಗಿಗಳು ಒಣಗುತ್ತಿರುವುದನ್ನು ಕಂಡಾಗ ನನಗೆ ಗಂಟಲು ಕಟ್ಟಿತು.

ಗೋಡೆ ಇಲ್ಲದ ಕಡೆಯೂ ಗಡಿ ಇದ್ದೇ ಇದೆ. ಫುಟ್‌ಪಾತಿನ ಅಂಚುಗಲ್ಲಿಗೆ ಬ್ರಿಟಿಷ್ ಬಾವುಟದ ಕೆಂಪು, ಬಿಳಿ, ನೀಲಿ ಬಣ್ಣ ಬಳಿದಿದ್ದರೆ ಅದು ಪ್ರಾಟೆಸ್ಟೆಂಟರ ಬೀದಿ ಎಂಬುದು ಎಲ್ಲರಿಗೂ ಗೊತ್ತು. ನಮ್ಮಲ್ಲಿ 'ನೀವು ಯಾವ ಪೈಕಿ' ಎಂದು ಕೇಳುವಂತೆ ಇಲ್ಲಿ ಓದಿದ ಶಾಲೆಯ ಹೆಸರನ್ನು ಕೇಳುತ್ತಾರೆ, ಏಕೆಂದರೆ ಇಂದಿಗೂ ಬಹುಪಾಲು ಮಕ್ಕಳು ಬೇರೆ ಬೇರೆ ಶಾಲೆಗಳಲ್ಲೇ ಓದುತ್ತಾರೆ. ಇಂಗ್ಲಿಷಿನ H ಎಂಬ ಒಂದು ಅಕ್ಷರವೂ ಗುರುತು ಹೇಳಿಬಿಡುತ್ತದೆ: ಕ್ಯಾಥೊಲಿಕರು ಸಾಮಾನ್ಯವಾಗಿ 'ಹೆಚ್' ಎನ್ನುತ್ತಾರೆ, ಪ್ರಾಟೆಸ್ಟೆಂಟರು 'ಎಚ್' ಎನ್ನುತ್ತಾರೆ. ಎರಡನ್ನೂ ಮನಬಂದಂತೆ ಬರೆಯುವ ಕನ್ನಡದಿಂದ ಬಂದ ನಾನು, ನನ್ನ ಹೆಸರಿನ ಅಕ್ಷರಗಳನ್ನು ಬಿಡಿಸಿ ಹೇಳುವಾಗ ಎದುರಿಗಿದ್ದವರು ಒಂದು ಕ್ಷಣ ಕಿವಿಗೊಡುವುದನ್ನು ಗಮನಿಸಿದ್ದೇನೆ. 1869ರಲ್ಲಿ ತೆರೆದ ಇಲ್ಲಿಯ ಸಿಟಿ ಸ್ಮಶಾನದಲ್ಲಿ, ಸತ್ತವರೂ ಬೆರೆಯಬಾರದೆಂದು ನೆಲದೊಳಗೇ ಗೋಡೆ ಕಟ್ಟಿದ್ದಾರೆ.

ಈ ಗೋಡೆಗಳನ್ನೆಲ್ಲ 2023ರೊಳಗೆ ತೆಗೆಯುವುದಾಗಿ ಸರ್ಕಾರ 2013ರಲ್ಲಿ ಹೇಳಿತ್ತು. ಹೆಚ್ಚಿನವು ಹಾಗೇ ಉಳಿದಿವೆ. ಕೆಡವುವ ತೀರ್ಮಾನ ಗೋಡೆಯ ಬುಡದಲ್ಲಿ ಮಲಗುವವರಿಂದಲೇ ಬರಬೇಕೆಂದು ನನಗೆ ಅನ್ನಿಸುತ್ತದೆ, ಏಕೆಂದರೆ ಕಲ್ಲು ಬೀಳುವುದು ಅವರ ಸೂರಿನ ಮೇಲೆ. ಆದರೆ ಗೇಟು ತೆರೆದಿರುವ ಹೊತ್ತನ್ನು ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸುವುದಕ್ಕೆ ಅಷ್ಟು ಕಾಯಬೇಕಾಗಿಲ್ಲ.

ಶಾಂಕಿಲ್‌ನ ಅಜ್ಜಿ ನಾನು ಯಾವ ದಾರಿಯಲ್ಲಿ ಬಂದೆ ಎಂದು ಪ್ರತಿ ಸಲ ಕೇಳುತ್ತಾರೆ. ಗೇಟಿನಿಂದ ಎಂದರೆ, ಆ ಕಡೆ ಈಗ ಅಂಗಡಿಗಳು ಹೇಗಿವೆ, ಜನ ಹೇಗಿದ್ದಾರೆ ಎಂದು ವಿಚಾರಿಸುತ್ತಾರೆ. ನಡೆದರೆ ಹತ್ತು ನಿಮಿಷವಾಗದ ಆ ಬೀದಿಗೆ ಅವರು ಹೋಗಿ ಐವತ್ತು ವರ್ಷವಾಯಿತಂತೆ. ಕಳೆದ ವಾರ ಪಟ್ಟಿ ಬದಲಿಸುತ್ತಿದ್ದಾಗ ಗೋಡೆ ಗಡಿಯಾರ ನೋಡಿ, ನನಗಿಂತ ಮೊದಲು ಅವರೇ ಅವಸರಪಟ್ಟರು: 'ಸಾಕಮ್ಮ, ಹೊರಡು, ಗೇಟು ಹಾಕುತ್ತಾರೆ.'