ಮುರಕಲ್ಲಿನ ಅಂಗಳದಲ್ಲಿ ಪಿನ್‌ಪಾಯಿಂಟರ್ ಪರೀಕ್ಷೆ

ಬೆಂಡೋಲೆ ಸಿಕ್ಕಿತು! ಮೂರು ಭಾನುವಾರ ಹಿಡಿಯಿತು. ಲೋಹ ಹುಡುಕುವ ಡಿಟೆಕ್ಟರ್ ಮೊದಲ ದಿನವೇ ಜಾಗ ತೋರಿಸಿತ್ತು. ಆಮೇಲಿನದೆಲ್ಲ ಪಿನ್‌ಪಾಯಿಂಟರ್ ಜೊತೆಗಿನ ಜಗಳ. ಅಗೆದ ಗುಂಡಿಯೊಳಗೆ ಲೋಹ ಸರಿಯಾಗಿ ಎಲ್ಲಿದೆ ಎಂದು ಕೂಗಿ ಹೇಳುವ, ಕೈಯಲ್ಲಿ ಹಿಡಿಯುವ ಕಡ್ಡಿಯಂಥ ಸಾಧನ ಅದು.

ಓಲೆ ಪಕ್ಕದ ಮನೆ ಅಕ್ಕನದು. ಅಡಿಕೆ ಹರಡುವಾಗ ಅಂಗಳದ ಬದಿಯಲ್ಲಿ ಬಿದ್ದದ್ದು. ಉಡುಪಿ ಕಡೆಯ ಕೆಂಪು ಮಣ್ಣು ನಿಮಗೆ ಗೊತ್ತಲ್ವಾ? ಮುರಕಲ್ಲಿನ ಪುಡಿ, ಕಬ್ಬಿಣದ ಅಂಶ ಜಾಸ್ತಿ. ಡಿಟೆಕ್ಟರ್‌ಗೆ ಗ್ರೌಂಡ್ ಬ್ಯಾಲೆನ್ಸ್ ಮಾಡಿದ್ದೆ, ಅಂದರೆ ಮಣ್ಣಿನ ಸದ್ದನ್ನು ಲೆಕ್ಕಕ್ಕೆ ಹಿಡಿಯದಂತೆ ಹೊಂದಿಸಿದ್ದೆ, ಅದು ಸುಮ್ಮನಿತ್ತು. ಪಾಯಿಂಟರನ್ನು ಗುಂಡಿಗೆ ಇಳಿಸಿದ ಕೂಡಲೇ ತಳದಲ್ಲೂ ಕಿರುಚಿತು, ನಾಲ್ಕೂ ಬದಿಯಲ್ಲೂ ಕಿರುಚಿತು.

"ಎಂತ ಮಾರಾಯ, ಇಡೀ ಅಂಗಳವೇ ಚಿನ್ನವಾ?" ಎಂದರು ಅಕ್ಕ.

"ಇಲ್ಲ ಅಕ್ಕ, ಮಣ್ಣೇ ಕೂಗಿಸುತ್ತಿದೆ."

ಮಾರಿದವನಿಗೆ ಫೋನ್ ಮಾಡಿದೆ. "ಸೆನ್ಸಿಟಿವಿಟಿ ಫುಲ್ ಇಡಿ ಸಾರ್" ಎಂದ. ಇಟ್ಟೆ, ಇನ್ನೂ ಜೋರಾಗಿ ಕಿರುಚಿತು. ಬದಲಿ ಪೀಸ್ ಬರಲು ಹನ್ನೆರಡು ದಿನ. ಬಂದದ್ದೂ ಅದೇ ರಾಗ. ವಸ್ತು ಮಾರುವವರು ಅದನ್ನು ಒಂದು ಸಲವಾದರೂ ಮಣ್ಣಿಗೆ ಹಿಡಿದು ನೋಡಬೇಕು. ಸಿಟ್ಟು ಇನ್ನೂ ಇಳಿದಿಲ್ಲ.

ಕಾರಣ ಹೊಳೆದದ್ದು ಎರಡನೇ ಭಾನುವಾರ. ನನ್ನದು ವಿಎಲ್‌ಎಫ್, ಅಂದರೆ ಕಡಿಮೆ ಆವರ್ತನದ ಅಲೆಯನ್ನು ಬಿಡದೆ ಕಳಿಸುತ್ತಲೇ ಕೇಳಿಸಿಕೊಳ್ಳುವ ಬಗೆ. ಇಂಥ ಪಾಯಿಂಟರ್ ಆನ್ ಆದ ಕ್ಷಣದಲ್ಲಿ ಸುತ್ತ ಏನಿದೆಯೋ ಅದನ್ನೇ ಸೊನ್ನೆ ಎಂದು ಹಿಡಿದುಕೊಳ್ಳುತ್ತದೆ. ನಾನು ಪ್ರತಿ ಸಲ ನಿಂತುಕೊಂಡು, ಗಾಳಿಯಲ್ಲಿ ಆನ್ ಮಾಡುತ್ತಿದ್ದೆ. ಹಾಗಾಗಿ ಅದರ ಪಾಲಿಗೆ ಗಾಳಿ ಸೊನ್ನೆ, ಮುರಕಲ್ಲಿನ ಮಣ್ಣು ಲೋಹ. ತುದಿಯನ್ನು ಮಣ್ಣಿಗೆ ತಾಗಿಸಿ ಆನ್ ಮಾಡಿದೆ. ಪೂರ್ತಿ ಮೌನ! ಎಷ್ಟು ಖುಷಿಯಾಯಿತು ಅಂದರೆ, ಅಕ್ಕನನ್ನು ಕೂಗಿ ಕರೆದೆ.

ಆದರೆ ಓಲೆಯೂ ಮೌನವಾಗಿಬಿಟ್ಟಿತ್ತು. ಅದರ ನೆತ್ತಿಯ ಮೇಲೇ ಆನ್ ಮಾಡಿದ್ದೆನಲ್ಲ, ಮಣ್ಣಿನ ಜೊತೆ ಅದೂ ಸೊನ್ನೆಯೊಳಗೆ ಸೇರಿತ್ತು. ಸರಿಯಾದ ಕ್ರಮ ಇದು: ಗುಂಡಿಯಿಂದ ಎರಡು ಗೇಣು ದೂರ, ಡಿಟೆಕ್ಟರ್ ಸದ್ದು ಮಾಡದ ಕಡೆ, ಅದೇ ಬಣ್ಣದ ಮಣ್ಣಿಗೆ ತಾಗಿಸಿ ಆನ್ ಮಾಡಬೇಕು. ಸೆನ್ಸಿಟಿವಿಟಿ ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲಲ್ಲಿರಲಿ. ಮೂರನೇ ಭಾನುವಾರ ಹಾಗೇ ಮಾಡಿದೆ. ಅಗೆದ ಮಣ್ಣನ್ನು ಪ್ಲಾಸ್ಟಿಕ್ ಟಬ್ಬಿಗೆ ಹಾಕಿ, ಒಂದೊಂದೇ ಹಿಡಿ ತೆಗೆದು ತುದಿಯ ಮುಂದೆ ಹಿಡಿದೆ. ಐದನೇ ಹಿಡಿಯಲ್ಲಿ ಓಲೆ! ಅಕ್ಕ ಅಲ್ಲೇ ಸೆರಗಿನಲ್ಲಿ ಒರೆಸಿ ಕಿವಿಗೆ ಹಾಕಿಕೊಂಡರು. ನಾಗಬನದ ಕಡೆಯೂ ಒಮ್ಮೆ ನೋಡು ಎಂದರು. ಅಲ್ಲಿ ಕೈ ಹಾಕುವುದಿಲ್ಲ ಅಕ್ಕ ಎಂದೆ. ಅದು ಬನ, ಅಗೆಯುವ ಜಾಗವಲ್ಲ. ಹಳೆಯ ನಿಧಿ ಸಿಕ್ಕರೆ ಅದಕ್ಕೆ ಕರ್ನಾಟಕದಲ್ಲಿ 1962ರ ಕಾಯ್ದೆಯೇ ಇದೆ, ಜಿಲ್ಲಾಧಿಕಾರಿಗೆ ತಿಳಿಸಲೇಬೇಕು.

ಹೀಗಾಗಿ ನಮ್ಮ ಮಣ್ಣಿಗೆ ಪಾಯಿಂಟರ್ ಕೊಳ್ಳುವವರು ಎಷ್ಟು ಇಂಚು ದೂರ ಹಿಡಿಯುತ್ತದೆ ಎಂದು ಮೊದಲು ಕೇಳಬೇಡಿ. ಸೆನ್ಸಿಟಿವಿಟಿ ಇಳಿಸಲು ಬರುತ್ತದಾ? ಆಫ್ ಮಾಡದೆ, ಒಂದೇ ಬಟನ್‌ನಲ್ಲಿ ರೀಟ್ಯೂನ್ ಆಗುತ್ತದಾ, ಅಂದರೆ ಸೊನ್ನೆಯನ್ನು ಹೊಸದಾಗಿ ಹಿಡಿಯುತ್ತದಾ? ಇವೆರಡೇ ಮುಖ್ಯ. ಗ್ಯಾರೆಟ್ ಪ್ರೊ-ಪಾಯಿಂಟರ್ ಎಟಿಯಲ್ಲಿ ಎರಡೂ ಇವೆ, 6 ಮೀಟರ್ ನೀರಿನವರೆಗೂ ತೊಂದರೆಯಿಲ್ಲ. ಕಿತ್ತಳೆ ಬಣ್ಣವೂ ಒಳ್ಳೆಯದು, ಹುಲ್ಲಿನಲ್ಲಿ ಕಳೆದುಹೋಗುವುದಿಲ್ಲ. ನಾನು ಅದಕ್ಕೇ ದುಡ್ಡು ಕೂಡಿಸುತ್ತಿದ್ದೇನೆ.

ಮಲ್ಪೆ ಬೀಚಿನ ಒದ್ದೆ ಮರಳಿಗೆ ಮಾತ್ರ ಲೆಕ್ಕ ಬೇರೆ. ಉಪ್ಪುನೀರು ವಿದ್ಯುತ್ ಹರಿಸುತ್ತದೆ, ವಿಎಲ್‌ಎಫ್ ತಬ್ಬಿಬ್ಬಾಗುತ್ತದೆ. ಪಿಐ (ಪಲ್ಸ್ ಇಂಡಕ್ಷನ್) ಎಂಬ ಇನ್ನೊಂದು ಬಗೆ ಒಂದು ಪಲ್ಸ್, ಅಂದರೆ ಕಿರು ಮಿಡಿತ ಕಳಿಸಿ, ಕ್ಷಣ ಕಾದು, ಆಮೇಲೆ ಕೇಳಿಸಿಕೊಳ್ಳುತ್ತದೆ. ಅಷ್ಟರಲ್ಲಿ ಉಪ್ಪಿನ ಪ್ರತಿಕ್ರಿಯೆ ಅಡಗಿರುತ್ತದೆ. ಗೆಳೆಯನ ಪಿಐ ಅಲ್ಲಿ ಹಾಯಾಗಿ ಕೆಲಸ ಮಾಡಿತು. ಆದರೆ ಸಣ್ಣ ಮೂಗುತಿಯನ್ನು ತುದಿಗೆ ತಾಗಿಸಿದ ಮೇಲೆಯೇ ಗುರುತಿಸಿತು. ತೆಳು ಚಿನ್ನದ ಪ್ರತಿಕ್ರಿಯೆಯೂ ಬೇಗ ಅಡಗಿಬಿಡುತ್ತದಲ್ಲ.

ಹಾಗಾದರೆ ಆ ಕಾಯುವ ಹೊತ್ತನ್ನು ನಾವೇ ತಿರುಗಿಸಿ ಹೊಂದಿಸುವಂತಿದ್ದರೆ? ಅಂಥ ಪಿಐ ಪಾಯಿಂಟರ್ ಒಂದನ್ನು ನಾನೇ ಕಟ್ಟಲು, ಅಜ್ಜನ ಕೆಟ್ಟ ರೇಡಿಯೋದಿಂದ ಫೆರೈಟ್ ಕಡ್ಡಿ (ಆಂಟೆನಾದ ತಂತಿ ಸುತ್ತಿರುವ ಕಪ್ಪು ಕಡ್ಡಿ) ಬಿಚ್ಚಿಟ್ಟಿದ್ದೇನೆ. ಒಳಗೆ ಅದನ್ನು ಕೂರಿಸಲು ಮುಕ್ಕಾಲು ಇಂಚಿನ ಪಿವಿಸಿ ಪೈಪ್ ಇದೆ. ತಾಮ್ರದ ತಂತಿಗೆ ಮುಂದಿನ ವಾರ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್‌ಪಿ ರೋಡಿಗೆ ಹೋಗುತ್ತೇನೆ. ಫೆರೈಟ್ ಮೇಲೆ ಪಿಐ ಕಾಯಿಲ್ ಸುತ್ತಿದವರು ಇದ್ದರೆ, ಎಷ್ಟು ಸುತ್ತು ಹಾಕಿದಿರಿ ಎಂದು ದಯವಿಟ್ಟು ತಿಳಿಸಿ.