ಬಳ್ಳಾರಿ ಮೊದಲೋ, ಬಸವಕಲ್ಯಾಣ ಮೊದಲೋ?

ಜಾವಾ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಕನ್ನಡದ ಊರುಗಳ ಪಟ್ಟಿಯನ್ನು ಸುಮ್ಮನೆ ಸಾರ್ಟ್ ಮಾಡಿ ನೋಡಿ. ಬಳ್ಳಾರಿ ಮೊದಲು, ಬಸವಕಲ್ಯಾಣ ಆಮೇಲೆ. ಯ ರ ಲ ವ ಶ ಷ ಸ ಹ ಳ ಎಂದು ಬಾಯಿಪಾಠ ಮಾಡಿದವರಿಗೆ ಇದು ತಲೆಕೆಳಗು. ಪ್ರತಿ ಅಕ್ಷರಕ್ಕೂ ಒಂದು ಅಂಕಿ ಕೊಡುವ ಯೂನಿಕೋಡ್‌ನಲ್ಲಿ ಳಕಾರ ಕೂತಿರುವುದು ಲಕಾರದ ಪಕ್ಕದಲ್ಲೇ. ಸ್ಟ್ರಿಂಗ್ (ಜಾವಾದಲ್ಲಿ ಪಠ್ಯ ಹಿಡಿದಿಡುವ ಕ್ಲಾಸ್) ಆ ಅಂಕಿಗಳನ್ನು ಹೋಲಿಸುತ್ತದೆ, ಅದಕ್ಕೆ ವರ್ಣಮಾಲೆ ಗೊತ್ತಿಲ್ಲ.

ನಮ್ಮ ಒಂದು ಡ್ರಾಪ್‌ಡೌನ್‌ನಲ್ಲಿ ಇದನ್ನು ಸರಿಮಾಡುವಾಗ ಟೀಮಿಗೆ ಹೊಸದಾಗಿ ಬಂದ ಹುಡುಗಿ ಕೇಳಿದಳು: "ಸ್ಟ್ರಿಂಗ್‌ಗೇ ಹೇಳೋಕಾಗಲ್ವಾ?" ಆಗಲ್ಲ. ಅದು ಫೈನಲ್ ಕ್ಲಾಸ್, ಅಂದರೆ ಅದನ್ನು ವಿಸ್ತರಿಸಿ ಬದಲಿಸುವಂತಿಲ್ಲ, ಅದರೊಳಗಿನ ಕ್ರಮ ಅದರದ್ದೇ. ಬೇರೆ ಕ್ರಮ ಬೇಕಾದರೆ ಎರಡರಲ್ಲಿ ಯಾವುದು ಮೊದಲು ಎಂದು ಹೇಳುವ ಒಂದು ಕಂಪ್ಯಾರೇಟರ್ ಅನ್ನು ಹೊರಗಿನಿಂದ ಕೊಡಬೇಕು. ನಾನು ಕೊಟ್ಟದ್ದು ಒಂದೇ ಸಾಲಿನ ಲ್ಯಾಂಬ್ಡಾ, ಅಂದರೆ ಹೆಸರಿಲ್ಲದ ಪುಟ್ಟ ಫಂಕ್ಷನ್: ಹಕಾರದ ಮುಂದೆ ಯೂನಿಕೋಡ್‌ನಲ್ಲಿ ಖಾಲಿ ಬಿದ್ದಿರುವ ಸ್ಥಾನಕ್ಕೆ ಳಕಾರವನ್ನು ಕಳಿಸು, ಆಮೇಲೆ ಹೋಲಿಸು. 2014ರ ಮಾರ್ಚ್‌ನಲ್ಲಿ ಜಾವಾ 8 ಬರುವ ತನಕ ಇಷ್ಟಕ್ಕೇ ಒಂದು ಅನಾಮಿಕ ಕ್ಲಾಸ್ ಬರೆಯಬೇಕಿತ್ತು. ವಿಷಯ ಒಂದು ಸಾಲು, ಬ್ರ್ಯಾಕೆಟ್ಟು ನಾಲ್ಕು ಸಾಲು, ಮೇಲೆ ಡಾಲರ್ ಚಿಹ್ನೆ ಹೊತ್ತ ಇನ್ನೊಂದು ಕ್ಲಾಸ್ ಫೈಲು.

ಅವಳ ಮುಂದಿನ ಪ್ರಶ್ನೆ ಇನ್ನೂ ಚೆನ್ನಾಗಿತ್ತು. ವಸ್ತು ತನ್ನ ಕ್ರಮ ತಾನೇ ಹೇಳಲು ಬಳಸುವ ಕಂಪ್ಯಾರೇಬಲ್ ಎಂಬ ಇಂಟರ್ಫೇಸ್‌ಗೂ ಒಂದೇ ಅಮೂರ್ತ (ಒಡಲಿಲ್ಲದ) ಮೆಥಡ್, ಕಂಪ್ಯಾರೇಟರ್‌ಗೂ ಒಂದೇ. (ಕಂಪ್ಯಾರೇಟರ್‌ನಲ್ಲಿ ಈಕ್ವಲ್ಸ್ ಕೂಡ ಕಾಣುತ್ತದೆ. ಅದು ಆಬ್ಜೆಕ್ಟ್ ಕ್ಲಾಸಿನದ್ದಾದ್ದರಿಂದ ಲೆಕ್ಕಕ್ಕಿಲ್ಲ. ಇಂಟರ್‌ವ್ಯೂ ಮಾಡುವವರಿಗೆ ಇದು ಬಲು ಪ್ರೀತಿ.) ಹಾಗಿದ್ದರೆ ಫಂಕ್ಷನಲ್ ಇಂಟರ್ಫೇಸ್ (ಲ್ಯಾಂಬ್ಡಾ ಇಡಬಹುದಾದ, ಒಂದೇ ಅಮೂರ್ತ ಮೆಥಡ್‌ನ ಇಂಟರ್ಫೇಸ್) ಎಂಬ ಗುರುತು, ಅಂದರೆ ಅನೋಟೇಶನ್, ಕಂಪ್ಯಾರೇಟರ್‌ಗೆ ಮಾತ್ರ ಏಕೆ? ಕಂಪ್ಯಾರೇಬಲ್ ಜಾಗದಲ್ಲಿ ಲ್ಯಾಂಬ್ಡಾ ಇಟ್ಟರೂ ಕಂಪೈಲರ್ ತಕರಾರು ಮಾಡುವುದಿಲ್ಲ. ಆದರೆ ಅರ್ಥವಿಲ್ಲ: ಕಂಪ್ಯಾರೇಬಲ್ ಎಂದರೆ "ನಾನು ನಿನಗಿಂತ ಮುಂದೋ ಹಿಂದೋ" ಎಂದು ವಸ್ತು ತನ್ನ ಬಗ್ಗೆ ಆಡುವ ಮಾತು. ಲ್ಯಾಂಬ್ಡಾಕ್ಕೆ "ನಾನು" ಎಂಬುದೇ ಇಲ್ಲ. ಅದರೊಳಗೆ ದಿಸ್ ಎಂದರೆ ಸುತ್ತಲಿನ ಕ್ಲಾಸು. ಮೆಥಡ್ ಎಣಿಸಿದರೆ ಸಾಲದು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಕಂಪ್ಯಾರೇಟರ್ ಬರೀ ಫಂಕ್ಷನ್ನೂ ಅಲ್ಲ. ಇಂಟರ್ಫೇಸ್‌ನೊಳಗೇ ಬರೆದಿಟ್ಟ ಡೀಫಾಲ್ಟ್ ಮೆಥಡ್‌ಗಳ ದೆಸೆಯಿಂದ ನನ್ನ ಒಂದು ಸಾಲಿನ ಲ್ಯಾಂಬ್ಡಾಕ್ಕೆ ರಿವರ್ಸ್ಡ್ (ಕ್ರಮ ತಿರುಗಿಸುವುದು), ದೆನ್‌ಕಂಪೇರಿಂಗ್ (ಸಮವಾದರೆ ಮುಂದಿನದನ್ನು ನೋಡುವುದು) ಎಲ್ಲ ತಾನಾಗಿ ಬಂದವು. ಮೊದಲು ಜಿಲ್ಲೆ, ಆಮೇಲೆ ಊರು, ಎರಡೂ ವರ್ಣಮಾಲೆಯ ಕ್ರಮದಲ್ಲಿ. ಕೋಡು ಗಟ್ಟಿಯಾಗಿ ಓದಿದರೆ ವಾಕ್ಯದ ಹಾಗೇ ಕೇಳುತ್ತದೆ. ಒಂದು ಕಿರಿಕಿರಿ: ಕಂಪ್ಯಾರೇಟರ್ ಕಟ್ಟಿಕೊಡುವ ಕಂಪೇರಿಂಗ್ ಮೆಥಡ್‌ಗೆ ಟೈಪ್ ಹೇಳದ ಲ್ಯಾಂಬ್ಡಾ ಕೊಟ್ಟು ಮುಂದೆ ರಿವರ್ಸ್ಡ್ ಹಚ್ಚಿದರೆ ಕಂಪೈಲರ್ ಅದನ್ನು ಬರೀ ಆಬ್ಜೆಕ್ಟ್ ಅಂದುಕೊಂಡು ಕೂರುತ್ತದೆ. ಅಲ್ಲಿ ಲ್ಯಾಂಬ್ಡಾದ ಬದಲು ಮೆಥಡ್ ರೆಫರೆನ್ಸ್ (ಮೆಥಡ್‌ನ ಹೆಸರನ್ನೇ ಕೊಡುವುದು) ಬರೆಯಿರಿ.

ಪಕ್ಕದಲ್ಲಿ ಕೋಟ್ಲಿನ್ ಎಂಬ ಇನ್ನೊಂದು ಭಾಷೆಯಲ್ಲಿ ಬರೆಯುವ ಟೀಮಿನ ಗೆಳೆಯನಿಗೆ ಕಂಪ್ಯಾರೇಟರ್‌ನಂಥ ಈ ಇಂಟರ್ಫೇಸ್ ಹೆಸರುಗಳೆಲ್ಲ ದಂಡ. ಎರಡು ಸ್ಟ್ರಿಂಗ್ ಕೊಟ್ಟರೆ ಒಂದು ಇಂಟ್ (ಪೂರ್ಣಾಂಕ), ಟೈಪ್ ಅಂತ ಅಷ್ಟು ಸಾಕು ಎನ್ನುತ್ತಾನೆ. ಸಾಲದು. ಎರಡು ಪದಗಳ ನಡುವೆ ಎಷ್ಟು ಅಕ್ಷರ ತಿದ್ದಬೇಕು ಎಂದು ಎಣಿಸುವ ಲೆವೆನ್‌ಸ್ಟೈನ್ ಲೆಕ್ಕವೂ ಎರಡು ಸ್ಟ್ರಿಂಗ್ ತಗೊಂಡು ಒಂದು ಇಂಟ್ ಕೊಡುತ್ತದೆ. ಅದು ಎಂದೂ ಋಣಾತ್ಮಕವಾಗದು. ಅದರಿಂದ ಸಾರ್ಟ್ ಮಾಡಿದರೆ ಕಸ. ಕಂಪ್ಯಾರೇಟರ್ ಎಂಬ ಹೆಸರಿನೊಳಗೆ ಒಂದು ಕರಾರಿದೆ: ಅದಲುಬದಲು ಮಾಡಿದರೆ ಚಿಹ್ನೆ ತಿರುಗಲೇಬೇಕು. ಆ ಕರಾರನ್ನು ಕಂಪೈಲರ್ ಪರೀಕ್ಷಿಸುವುದಿಲ್ಲ, ನಿಜ. ಆದರೆ ಬರೆಯುವವನ ಕಣ್ಣಿಗಾದರೂ ಬೀಳುತ್ತದೆ.

ಹೀಗೆ ಒಂದೊಂದು ಬಗೆಯ ಫಂಕ್ಷನ್‌ಗೂ ಹೆಸರಿಡುವುದಕ್ಕೆ ಜಾವಾ ತೆತ್ತ ಬೆಲೆ ಸಣ್ಣದಲ್ಲ. ಜಾವಾ ಯುಟಿಲ್ ಫಂಕ್ಷನ್ ಪ್ಯಾಕೇಜಿನಲ್ಲಿ 43 ಇಂಟರ್ಫೇಸ್‌ಗಳಿವೆ. ಬಹುಪಾಲು ಇಂಟ್, ಲಾಂಗ್, ಡಬಲ್‌ಗಳ ಸಲುವಾಗಿ ಹುಟ್ಟಿದವು. ಇಷ್ಟಿದ್ದೂ ಮೂರು ಆರ್ಗ್ಯುಮೆಂಟ್ ತಗೊಳ್ಳುವ ಫಂಕ್ಷನ್ ಒಂದೂ ಇಲ್ಲ. ಅದಕ್ಕಿಂತ ಹೆಚ್ಚು ಕಾಡುವುದು ಚೆಕ್ಡ್ ಎಕ್ಸೆಪ್ಶನ್, ಅಂದರೆ ಹಿಡಿಯಲೇಬೇಕು ಇಲ್ಲವೇ ಘೋಷಿಸಲೇಬೇಕು ಎಂದು ಕಂಪೈಲರ್ ಹಟ ಹಿಡಿಯುವ ದೋಷ. ಕಾಲೆಬಲ್ ಎಂಬ ಇಂಟರ್ಫೇಸ್‌ನ ಮೆಥಡ್ ಅಂಥ ಎಕ್ಸೆಪ್ಶನ್ ಎಸೆಯಬಹುದು, ಫಂಕ್ಷನ್ ಎಂಬ ಇಂಟರ್ಫೇಸ್‌ನ ಅಪ್ಲೈ ಎಸೆಯುವಂತಿಲ್ಲ. ಪಟ್ಟಿಯ ಒಂದೊಂದು ಅಂಶಕ್ಕೂ ಫಂಕ್ಷನ್ ಹಚ್ಚುವ ಸ್ಟ್ರೀಮಿನ ಮ್ಯಾಪ್ ಒಳಗೆ ಒಂದು ಫೈಲ್ ತೆರೆದರೆ ಟ್ರೈ-ಕ್ಯಾಚ್ ತುರುಕಿ ಲ್ಯಾಂಬ್ಡಾ ಮತ್ತೆ ಐದು ಸಾಲಿಗೆ ಬಂದು ನಿಲ್ಲುತ್ತದೆ. ಅಂಥ ಕಡೆ ನಾನು ಸ್ಟ್ರೀಮಿನ ಗೊಡವೆಗೇ ಹೋಗದೆ ಹಳೆಯ ಫಾರ್ ಲೂಪ್ ಬರೆಯುತ್ತೇನೆ, ರಿವ್ಯೂನಲ್ಲಿ ಯಾರು ಏನೇ ಅನ್ನಲಿ.